ಅಲ್ ಗ್ರೀನ್ ಅವರ ಗಾಸ್ಪೆಲ್ ಮುದ್ರಿಕೆಗಳನ್ನು ಹೇಗೆ ಕೇಳಬೇಕು?

ವಿದ್ಯಾನಗರದ ಕೇಳುಗ, ಹುಬ್ಬಳ್ಳಿ

ಎಲ್ಲರಿಗೂ ನಮಸ್ಕಾರ. ತಿಂಗಳಿಗೊಂದು ರವಿವಾರ ಸಂಜೆ ನಮ್ಮ ಮನೆಯಲ್ಲಿ ಹತ್ತು ಹನ್ನೆರಡು ಜನ ಸೇರಿ ಧ್ವನಿಮುದ್ರಿಕೆಗಳನ್ನು ಕೇಳುವ ರೂಢಿಯಿದೆ. ಸಾಮಾನ್ಯವಾಗಿ ಹಿಂದೂಸ್ತಾನಿ ಸಂಗೀತದ ಕಿರಾಣಾ ಮತ್ತು ಜೈಪುರ ಘರಾಣೆಗಳ ಗಾಯನವನ್ನೇ ಕೇಳುತ್ತೇವೆ. ಈ ಸಲ ಅಮೆರಿಕದ ಸೋಲ್ (ಅಲ್ಲಿಯ ಕಪ್ಪು ಜನರ ಜನಪ್ರಿಯ ಸಂಗೀತದ ಒಂದು ಬಗೆ) ಗಾಯಕ ಅಲ್ ಗ್ರೀನ್ ಅವರನ್ನು ಕೇಳೋಣವೆಂದು ನಾನೇ ಹಟ ಹಿಡಿದೆ. ಮೂರು ತಾಸು ಕೇಳಿದ ಮೇಲೆ ನಮ್ಮ ಮಂಡಳಿ ಎರಡು ಪಾಲಾಯಿತು. ಆ ವಾದ ಇನ್ನೂ ಮುಗಿದಿಲ್ಲವಾದ್ದರಿಂದ ಅದನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ.

ಅವರನ್ನು ಕೇಳದವರಿಗಾಗಿ ನಾಲ್ಕು ಮಾತು. 1946ರಲ್ಲಿ ಅರ್ಕಾನ್ಸಾ ರಾಜ್ಯದಲ್ಲಿ ಹುಟ್ಟಿದ ಗ್ರೀನ್ ಬಾಲ್ಯದಲ್ಲಿ ಅಣ್ಣತಮ್ಮಂದಿರೊಡನೆ ಗಾಸ್ಪೆಲ್ ಹಾಡಿಕೊಂಡು ಬೆಳೆದವರು. ಗಾಸ್ಪೆಲ್ ಎಂದರೆ ಅಲ್ಲಿಯ ಕಪ್ಪು ಜನರ ಚರ್ಚುಗಳಲ್ಲಿ ಬೆಳೆದ ಭಕ್ತಿಗಾಯನ. ಮುಂದೆ ಮೆಂಫಿಸ್ ನಗರದ ಹೈ ರೆಕಾರ್ಡ್ಸ್ ಸಂಸ್ಥೆಯ ವಿಲ್ಲಿ ಮಿಚೆಲ್ ಎಂಬ ಟ್ರಂಪೆಟ್ ವಾದಕರ ಕೈಗೆ ಸಿಕ್ಕು, ಅವರ ನಿರ್ದೇಶನದಲ್ಲಿ ಪ್ರೇಮಗೀತೆಗಳನ್ನು ಹಾಡಿದರು. ಆ ಪೈಕಿ 'ಲೆಟ್ಸ್ ಸ್ಟೇ ಟುಗೆದರ್' ಎಂಬುದು 1972ರ ಫೆಬ್ರವರಿಯಲ್ಲಿ ಅಮೆರಿಕದ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಪಟ್ಟಿಯ ಮೊದಲ ಸ್ಥಾನಕ್ಕೆ ಏರಿತು. ಕೀರ್ತಿ ಇನ್ನೂ ಹಸಿಯಾಗಿರುವಾಗಲೇ, 1976ರ ಕೊನೆಯಲ್ಲಿ, ಅವರು ಮೆಂಫಿಸ್‌ನಲ್ಲಿ ಒಂದು ಚರ್ಚಿನ ಕಟ್ಟಡವನ್ನು ಕೊಂಡು ಅಲ್ಲಿಯ ಪಾದ್ರಿಯಾದರು. 1977ರಲ್ಲಿ ಮಿಚೆಲ್ ಅವರ ನೆರವಿಲ್ಲದೆ ತಾವೇ 'ದಿ ಬೆಲ್ ಆಲ್ಬಮ್' ತಯಾರಿಸಿದರು. 1979ರಲ್ಲಿ ಸಿನ್ಸಿನಾಟಿಯ ವೇದಿಕೆಯಿಂದ ಕೆಳಗೆ ಬಿದ್ದದ್ದನ್ನು ದೇವರ ಎಚ್ಚರಿಕೆಯೆಂದೇ ತಿಳಿದು, ಮುಂದಿನ ವರ್ಷಗಳಲ್ಲಿ ಬಹುಮಟ್ಟಿಗೆ ಗಾಸ್ಪೆಲ್ ಮಾತ್ರ ಹಾಡಿದರು.

ನಮ್ಮಲ್ಲಿ ಅರ್ಧ ಜನರ ಅಭಿಪ್ರಾಯದಲ್ಲಿ 1971ರಿಂದ 1974ರವರೆಗಿನದೇ ಅವರ ನಿಜವಾದ ಗಾಯನ, ಅನಂತರದ್ದೆಲ್ಲ ಪ್ರವಚನ. ಗಾಯಕ ಹೋಗಿ ಪ್ರಚಾರಕ ಉಳಿದ ಎಂದು ಒಬ್ಬ ಹಿರಿಯರು ಸ್ವಲ್ಪ ಖಾರವಾಗಿಯೇ ಹೇಳಿದರು. ಉಳಿದವರು ಆ ಮಾತನ್ನು ಅನ್ಯಾಯವೆಂದರು. ನನ್ನ ತೊಡಕು ಬೇರೆ ಬಗೆಯದು. 1980ರ ಆಚೀಚಿನ ಮುದ್ರಿಕೆಗಳಲ್ಲಿ ಅವರ ಕಂಠ ಕೆಟ್ಟಿಲ್ಲ. ತಾರದಲ್ಲಿ ಅದೇ ಸಲೀಸು, ಇಳಿದು ಬರುವಾಗ ಅದೇ ಮೃದುತ್ವ. ಹಾಗಿದ್ದೂ ಮೂರು ಹಾಡು ಮುಗಿಯುವಷ್ಟರಲ್ಲಿ ನನ್ನ ಕಿವಿ ದಣಿಯುತ್ತದೆ. ಆ ಶ್ರದ್ಧೆ ನನ್ನದಲ್ಲದ ಕಾರಣಕ್ಕೆ ಹೀಗಾಗುತ್ತದೆ ಎಂದು ಒಪ್ಪಿಕೊಳ್ಳಲು ಮನಸ್ಸಾಗುವುದಿಲ್ಲ, ಏಕೆಂದರೆ ಮೌಲಾ ಎಂದು ಅಲ್ಲಾಹನನ್ನು ಕರೆಯುವ ಬಂದಿಶ್‌ಗಳನ್ನು ಕೇಳಿ ನಾನು ಕಣ್ಣೊರೆಸಿಕೊಂಡದ್ದುಂಟು. ಹಾಗಾದರೆ ಕೊರತೆ ಇರುವುದು ಹಾಡಿನಲ್ಲೋ, ಮುದ್ರಣದಲ್ಲೋ, ನಾನು ಕೇಳುತ್ತಿರುವ ರೀತಿಯಲ್ಲೋ? ಬಲ್ಲವರು ದಯವಿಟ್ಟು ತಿಳಿಸಬೇಕು.


ಸಾಧನಕೇರಿ ನಿವಾಸಿ, ಧಾರವಾಡ

ನಿಮ್ಮ ಮಂಡಳಿಯ ಮೊದಲ ಗುಂಪಿನವರ ಪರವಾಗಿ ಬರೆಯುತ್ತಿದ್ದೇನೆ, ಆದರೆ ಅವರು ಕೊಟ್ಟ ಕಾರಣ ನನ್ನದಲ್ಲ.

ಜಾಕಿ ವಿಲ್ಸನ್ ಅವರಂತಹ ಎತ್ತರದ, ಬಿರುಸಿನ ಗಾಯಕರನ್ನು ಕೇಳಿ ಬೆಳೆದ ಗ್ರೀನ್ ಅವರಿಗೆ ಮೊದಮೊದಲು ಗಟ್ಟಿಯಾಗಿ ಹಾಡುವುದೇ ಹಾಡುಗಾರಿಕೆಯಾಗಿತ್ತು. ಮೆಲ್ಲಗೆ ಹಾಡು, ಇನ್ನೂ ಮೆಲ್ಲಗೆ ಹಾಡು ಎಂದು ಅವರನ್ನು ತಡೆದು ತಿದ್ದಿದವರು ಮಿಚೆಲ್. ಆ ತಡೆಯಿಂದ ಹುಟ್ಟಿದ್ದೇ ನಾವೆಲ್ಲ ಮೆಚ್ಚುವ ಗಾಯನ: ಶಬ್ದಕ್ಕಿಂತ ಮೊದಲು ಕೇಳಿಸುವ ಉಸಿರು, ಸಾಲಿನ ನಡುವೆ ನಿಲ್ಲಿಸಿದ ಜಾಗ, ಕಳ್ಳಕಂಠದಲ್ಲಿ ಎಳೆಯಷ್ಟು ತೆಳ್ಳಗೆ ಮೇಲೆ ಹೋಗಿ ಸುಳಿವು ಕೊಡದೆ ನಿಜಕಂಠಕ್ಕೆ ಮರಳುವ ಬಗೆ. ಕಿರಾಣಾ ಗಾಯನ ಕೇಳಿದ ಕಿವಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಂದು ಸ್ವರವನ್ನು ಬಳಸುವ ಮೊದಲು ಅದರ ಸುತ್ತ ಸುಳಿದಾಡುವ ಆ ತಾಳ್ಮೆ ಸವಾಯಿ ಗಂಧರ್ವರು ಪಾಠ ಹೇಳಿದ ನಮ್ಮ ಕುಂದಗೋಳದ ವಾಡೆಯಲ್ಲಿಯೂ ಕಲಿಸಿದ್ದೇ ಆಗಿತ್ತು. ಮಿಚೆಲ್ ದೂರವಾದ ಮೇಲೆ ಕೋಣೆಯಲ್ಲಿ ಕುಳಿತು ಸಾಕು ಎನ್ನುವವರು ಯಾರೂ ಉಳಿಯಲಿಲ್ಲ. ತನ್ನ ಹಾಡನ್ನು ತಾನೇ ಹಾಡಿ, ತಾನೇ ನಿರ್ದೇಶಿಸಿ, ತಾನೇ ಒಪ್ಪಿಗೆ ಕೊಟ್ಟುಕೊಳ್ಳುವ ಗಾಯಕನಿಗೆ, ಅವನು ಎಷ್ಟೇ ದೊಡ್ಡವನಾಗಿರಲಿ, ಸಡಿಲವಾದದ್ದು ಕಾಣಿಸುವುದಿಲ್ಲ.

ಭಕ್ತಿಯಿಂದಾಗಿ ಕಲೆ ಕುಂದಿತು ಎಂಬ ಮಾತನ್ನು ಧಾರವಾಡದ ನೆಲದಲ್ಲಿ ನಿಂತು ಹೇಳುವುದು ನನ್ನಿಂದಾಗದು. ಮಲ್ಲಿಕಾರ್ಜುನ ಮನ್ಸೂರರು ವಚನ ಹಾಡಿದಾಗ ರಾಗ ಒಂದು ಎಳೆಯೂ ಜಾರುತ್ತಿರಲಿಲ್ಲ. ಭೀಮಸೇನ ಜೋಶಿಯವರು ದಾಸರ ಪದಗಳಿಗೂ ಅಭಂಗಗಳಿಗೂ ಹೆಚ್ಚು ಹೊತ್ತು ಕೊಡತೊಡಗಿದಾಗ, ಖ್ಯಾಲ್ ಕೇಳಲು ಬಂದ ನಮ್ಮವರೇ ಕೆಲವರು ಗೊಣಗಿದ್ದನ್ನು ನಾನು ಕಿವಿಯಾರೆ ಕೇಳಿದ್ದೇನೆ. ಅದೇ ಪದಗಳು ಖ್ಯಾಲ್ ಎಂದರೇನೆಂದು ತಿಳಿಯದ ಮನೆಗಳಿಗೆ ಅವರ ದನಿಯನ್ನು ಮುಟ್ಟಿಸಿದ್ದನ್ನೂ ಕಂಡಿದ್ದೇನೆ. ಆದ್ದರಿಂದ ನನ್ನ ಆಕ್ಷೇಪ ದೇವರ ಹೆಸರಿನ ಬಗ್ಗೆ ಅಲ್ಲ.

1977ರ ಮುದ್ರಿಕೆಯನ್ನು ನಾನು ಈ ಆಕ್ಷೇಪದಿಂದ ಪೂರ್ತಿಯಾಗಿ ಹೊರಗಿಡುತ್ತೇನೆ. ಅದರಲ್ಲಿ ಗ್ರೀನ್ ತಾವೇ ಗಿಟಾರ್ ಹಿಡಿದಿದ್ದಾರೆ. ಮೊದಲ ಹಾಡಿನಲ್ಲಿ ಅವರು ಒಬ್ಬ ಹೆಣ್ಣಿಗೆ ಹೇಳುವ ಮಾತಿನ ತಿರುಳೆಂದರೆ, ಮನಸ್ಸು ಬಯಸುವುದು ನಿನ್ನನ್ನೇ, ಆದರೆ ನನಗೆ ಅಗತ್ಯವಿರುವುದು ಅವನು. ಅಕ್ಕಮಹಾದೇವಿಯ ವಚನಗಳಲ್ಲಿ ಗಂಡನೂ ಅವನೇ, ದೇವರೂ ಅವನೇ ಆಗಿರುವುದರಿಂದ ಈ ಇಕ್ಕಟ್ಟು ಏಳುವುದಿಲ್ಲ. ಗ್ರೀನ್ ಅವರಲ್ಲಿ ಎರಡು ಪ್ರೀತಿಗಳು ಒಂದೇ ಮನೆಯಲ್ಲಿ ಎದುರುಬದುರಾಗಿ ನಿಂತಿವೆ, ಮತ್ತು ದನಿ ಎರಡರ ಕಡೆಗೂ ವಾಲುತ್ತದೆ. ಅವರ ಇಡೀ ಜೀವನದ ಗಾಯನದಲ್ಲಿ ಅಷ್ಟು ಪ್ರಾಮಾಣಿಕವಾದ ಇನ್ನೊಂದು ಹಾಡನ್ನು ನಾನು ಕೇಳಿಲ್ಲ. ಮುಂದಿನ ಮುದ್ರಿಕೆಗಳಲ್ಲಿ ತೀರ್ಮಾನವಾಗಿಬಿಟ್ಟಿದೆ, ಎಳೆದಾಟ ಉಳಿದಿಲ್ಲ. ನಿಮ್ಮ ಕಿವಿ ದಣಿಯುವುದು ಆ ಕಾರಣಕ್ಕೆ ಎಂದು ನನ್ನ ಎಣಿಕೆ.


ಬೆಟಗೇರಿಯ ಗಾನವೃಂದದವಳು, ಗದಗ

ಸಾಧನಕೇರಿಯ ಸರ್ ಅವರ ಬರಹವನ್ನು ಎರಡು ಸಲ ಓದಿದೆ. 1977ರ ಮುದ್ರಿಕೆಯ ಬಗ್ಗೆ ಅವರು ಬರೆದದ್ದಕ್ಕೆ ನನ್ನ ಪೂರ್ಣ ಒಪ್ಪಿಗೆಯಿದೆ, ಉಳಿದದ್ದಕ್ಕೆ ಇಲ್ಲ.

ನಾನು ಬೆಟಗೇರಿಯ ಚರ್ಚಿನ ಗಾನವೃಂದದಲ್ಲಿ ಇಪ್ಪತ್ತು ವರ್ಷಗಳಿಂದ ಹಾಡುತ್ತಿದ್ದೇನೆ. ಬಾಸೆಲ್ ಮಿಶನ್ ಕಾಲದಿಂದ ನಮಗೆ ಬಂದಿರುವ ಕನ್ನಡ ಗೀತೆಗಳಲ್ಲಿ ಅನೇಕವು ಯುರೋಪಿನ ಧಾಟಿಯವು. ಪುಸ್ತಕ ಕೈಯಲ್ಲಿ ಹಿಡಿದು, ಇದ್ದದ್ದನ್ನು ಇದ್ದಂತೆ, ಎಲ್ಲರೂ ಕೂಡಿ ಹಾಡುತ್ತೇವೆ. ಆದ್ದರಿಂದ ಕ್ರೈಸ್ತಳಾಗಿದ್ದರೂ ಗಾಸ್ಪೆಲ್ ನನಗೂ ಪರದೇಶದ್ದೇ ಆಗಿತ್ತು. ಅದು ಅರ್ಥವಾದದ್ದು ಅರೀಥಾ ಫ್ರಾಂಕ್ಲಿನ್ ಅವರು 1972ರಲ್ಲಿ ಲಾಸ್ ಏಂಜಲೀಸ್‌ನ ಒಂದು ಚರ್ಚಿನಲ್ಲಿ ಎರಡು ರಾತ್ರಿ ಹಾಡಿದ್ದರ ಮುದ್ರಣವನ್ನು ಕೇಳಿದಾಗ. ಅಲ್ಲಿ ಕೇಳುವವರು ಸುಮ್ಮನೆ ಕೂತಿಲ್ಲ. ಹಾಡುವವಳು ಒಂದು ಸಾಲು ಎಸೆದರೆ ಸಭೆ ಅದನ್ನು ಹಿಡಿದು ಮರಳಿ ಎಸೆಯುತ್ತದೆ, ನಾಲ್ಕು ಮಾತ್ರೆಗಳ ಆವರ್ತದಲ್ಲಿ ಎರಡನೆಯದಕ್ಕೂ ನಾಲ್ಕನೆಯದಕ್ಕೂ ಚಪ್ಪಾಳೆ ಬೀಳುತ್ತದೆ, ಒಂದೇ ಸಾಲು ಎಂಟು ಸಲ ಬಂದರೆ ಎಂಟು ಸಲವೂ ಒಂದೊಂದು ಮೆಟ್ಟಿಲು ಮೇಲೇರುತ್ತದೆ. ನಮ್ಮೂರ ಕಡೆಯ ಭಜನೆಯಲ್ಲಿ ಕೂತವರಿಗೆ ಇದು ಹೊಸದಲ್ಲ. ಭಜನೆಯನ್ನು ಜಗಲಿಯ ಆಚೆ ನಿಂತು ಕೇಳಿದರೆ ಅದೇ ಸಾಲು ಮತ್ತೆ ಮತ್ತೆ ಬಂದು ಬೇಸರ ತರುತ್ತದೆ. ತಾಳ ಹಿಡಿದು ಒಳಗೆ ಕೂತವನಿಗೆ ಅದೇ ಸಾಲು ಬೆಳೆಯುತ್ತಾ ಹೋಗುತ್ತದೆ. ವಿದ್ಯಾನಗರದ ಸರ್, ನಿಮ್ಮ ದಣಿವು ಜಗಲಿಯ ಆಚೆಯವರ ದಣಿವು ಎಂದು ನನಗೆ ಅನ್ನಿಸುತ್ತದೆ.

ಆದರೆ ತಪ್ಪು ನಿಮ್ಮೊಬ್ಬರದೇ ಅಲ್ಲ. ಗ್ರೀನ್ ಅವರ 1980ರ ದಶಕದ ಗಾಸ್ಪೆಲ್ ಮುದ್ರಿಕೆಗಳಲ್ಲಿ ನನ್ನ ಕಿವಿಗೆ ಬಿದ್ದವು ಸ್ಟುಡಿಯೋದ ಅಚ್ಚುಕಟ್ಟಿನವು. ಅವರು ಚರ್ಚಿಗೆ ಹೋದರು, ಆದರೆ ಮುದ್ರಿಕೆಗಳು ಚರ್ಚನ್ನು ಹೊತ್ತು ತರಲಿಲ್ಲ. 1984ರಲ್ಲಿ ರಾಬರ್ಟ್ ಮಗ್ ಎಂಬುವರು ಅವರ ಬಗ್ಗೆ ಮಾಡಿದ ಸಾಕ್ಷ್ಯಚಿತ್ರದಲ್ಲಿ ಅವರ ಚರ್ಚಿನ ಏಳನೆಯ ವಾರ್ಷಿಕೋತ್ಸವದ ಆರಾಧನೆಯಿದೆ. ಅದನ್ನು ನೋಡಿ. ಮಾತು ಎಲ್ಲಿ ಮುಗಿದು ಹಾಡು ಎಲ್ಲಿ ಶುರುವಾಯಿತೆಂದು ಗೆರೆ ಎಳೆಯಲು ಬರುವುದಿಲ್ಲ. ಸಾಧನಕೇರಿಯ ಸರ್ ಕಳೆದುಹೋಯಿತೆಂದು ಹೇಳಿದ ತಡೆ ಅಲ್ಲಿದೆ, ಮತ್ತು ಅದರ ಕಟ್ಟು ಒಡೆಯುವ ಗಳಿಗೆಯೂ ಅಲ್ಲಿದೆ.

ಇನ್ನೊಂದು ಮಾತನ್ನು ತಿದ್ದಲೇಬೇಕು. 1974ರ ಅಕ್ಟೋಬರಿನಲ್ಲಿ ಅವರ ಮನೆಯಲ್ಲಿ ಒಬ್ಬ ಗೆಳತಿ ಅವರ ಮೈಮೇಲೆ ಕುದಿಯುವ ಮೆಕ್ಕೆಜೋಳದ ಗಂಜಿಯನ್ನು ಸುರಿದು, ಬಳಿಕ ತಾನೂ ಪ್ರಾಣ ಕಳೆದುಕೊಂಡಳು. ಆ ಹೆದರಿಕೆಯಿಂದ ಅವರು ದೇವರ ಮೊರೆ ಹೊಕ್ಕರು ಎಂದು ಎಲ್ಲರೂ ಬರೆಯುತ್ತಾರೆ. ಗ್ರೀನ್ ಅವರೇ ಹೇಳಿಕೊಂಡಿರುವಂತೆ ಅವರ ಮನಸ್ಸು ತಿರುಗಿದ್ದು ಅದಕ್ಕಿಂತ ಮೊದಲು, 1973ರಲ್ಲಿ, ಕ್ಯಾಲಿಫೋರ್ನಿಯಾದಲ್ಲಿ ಕಾರ್ಯಕ್ರಮ ಮುಗಿಸಿ ಮಲಗಿದ್ದ ಒಂದು ರಾತ್ರಿ. ದೇವರ ಹಾಡಿಗೂ ಲೋಕದ ಹಾಡಿಗೂ ನಡುವಿನ ಈ ಜಗಳ ಇನ್ನೂ ಹಳೆಯದು. ಜಾಕಿ ವಿಲ್ಸನ್ ಅವರ ಗ್ರಾಮಫೋನ್ ತಟ್ಟೆ ಹಾಕಿ ಕೇಳಿದ್ದಕ್ಕಾಗಿ ತಂದೆ ಅವರನ್ನು ಹರೆಯದಲ್ಲಿಯೇ ಮನೆಯಿಂದ ಹೊರಗೆ ಹಾಕಿದ್ದರು. ನಮ್ಮ ಅಜ್ಜ ಸಿನಿಮಾ ಹಾಡು ಬಂದರೆ ಎದ್ದು ರೇಡಿಯೋ ಆರಿಸುತ್ತಿದ್ದರು, ಹೀಗಾಗಿ ಆ ಮನೆಯ ಗಾಳಿ ಹೇಗಿದ್ದಿರಬಹುದು ಎಂಬುದು ನನಗೆ ಗೊತ್ತು. ಹೆದರಿ ಓಡಿದವರೆಂದು ಅವರನ್ನು ಕರೆಯುವುದು ನನಗೆ ನೋವಾಗುತ್ತದೆ. ಹಾಗೆಯೇ ಆ ಗಾಸ್ಪೆಲ್ ಅನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ ಎಂಬ ಮಾತೂ ನಿಲ್ಲದು: ಅವರಿಗೆ ಬಂದ 11 ಗ್ರ್ಯಾಮಿ ಪ್ರಶಸ್ತಿಗಳಲ್ಲಿ 8 ಬಂದದ್ದು ಗಾಸ್ಪೆಲ್ ವಿಭಾಗಗಳಲ್ಲಿ. ಪ್ರೇಮಗೀತೆಗಳ ಆ ಉಚ್ಛ್ರಾಯದ ವರ್ಷಗಳಲ್ಲಿ ಒಂದೂ ಬಂದಿರಲಿಲ್ಲ.


ನವನಗರದ ಧ್ವನಿಮುದ್ರಕ

ಅಕ್ಕಾವರು ಹೇಳಿದ್ದರ ಬೆನ್ನಿಗೆ, ಮುದ್ರಣದ ಕೆಲಸ ಮಾಡುವವನಾಗಿ ನನ್ನದೊಂದು ಮಾತು. ಶ್ರದ್ಧೆಗೆ ಮೊದಲು, ಶ್ರದ್ಧೆಯ ನಂತರ ಎಂದು ನಾವು ಎರಡು ರಾಶಿ ಮಾಡುತ್ತಿದ್ದೇವೆ, ಆದರೆ ಅಲ್ಲಿ ಬದಲಾದದ್ದು ಶ್ರದ್ಧೆಯೊಂದೇ ಅಲ್ಲ, ಇಡೀ ಕೋಣೆಯೇ ಬದಲಾಗಿತ್ತು.

ಮೆಂಫಿಸ್‌ನ ರಾಯಲ್ ಸ್ಟುಡಿಯೋ ಮೊದಲು ಸಿನಿಮಾ ಥೇಟರ್ ಆಗಿದ್ದ ಕಟ್ಟಡ. ಪ್ರೇಕ್ಷಕರು ಕೂಡುತ್ತಿದ್ದ ಇಳಿಜಾರಿನ ನೆಲವನ್ನು ಮಿಚೆಲ್ ಹಾಗೆಯೇ ಉಳಿಸಿಕೊಂಡಿದ್ದರು. ಗ್ರೀನ್ ಅವರ ಕಂಠಕ್ಕೆಂದೇ 9 ಎಂದು ಅಂಕಿ ಹಾಕಿದ ಒಂದು ಮೈಕನ್ನು ಮೀಸಲಾಗಿ ಇಟ್ಟಿದ್ದರು. ಗಿಟಾರ್, ಬಾಸ್, ಆರ್ಗನ್ ನುಡಿಸುತ್ತಿದ್ದವರು ಹಾಜಸ್ ಮನೆತನದ ಮೂವರು ಸೋದರರು. ಒಂದೇ ಮನೆಯಲ್ಲಿ ಬೆಳೆದವರಿಗೆ ಮಾತ್ರ ಬರುವ ಒಂದು ಹೊಂದಾಣಿಕೆ ಅವರ ಸಾಥಿನಲ್ಲಿತ್ತು. ಡ್ರಮ್ಸ್ ಮುಂದೆ ಕೂಡುತ್ತಿದ್ದವರು ಹೊವರ್ಡ್ ಗ್ರೈಮ್ಸ್ ಮತ್ತು ಅಲ್ ಜಾಕ್ಸನ್. ಹೊಡೆತ ಮಂದವಾಗಿ, ಗುಂಗಿಲ್ಲದೆ, ಕಿವಿಯ ಪಕ್ಕದಲ್ಲೇ ಬಡಿದಂತೆ ಕೇಳಿಸುತ್ತದೆ. ಆ ಗಟ್ಟಿ ಠೇಕಾ ಕೆಳಗೆ ಇದ್ದದ್ದರಿಂದಲೇ ಮೇಲಿನ ದನಿಗೆ ಪಿಸುಗುಟ್ಟುವ ಧೈರ್ಯ ಬಂತು. ತಬಲಾ ನಂಬಿಕೆಗೆ ಅರ್ಹವಾಗಿದ್ದರೆ ಗಾಯಕ ಸಮ್ (ಆವರ್ತದ ಮೊದಲ ಮಾತ್ರೆ) ಬಿಟ್ಟು ಎಷ್ಟು ದೂರವಾದರೂ ಹೋಗಿಬರುತ್ತಾನೆ ಎಂಬುದು ನಮ್ಮ ಬೈಠಕ್‌ಗಳಲ್ಲಿಯೂ ಕಾಣುವ ಮಾತು.

1975ರ ಅಕ್ಟೋಬರಿನಲ್ಲಿ ಅಲ್ ಜಾಕ್ಸನ್ ತಮ್ಮ ಮನೆಯಲ್ಲಿಯೇ ಗುಂಡೇಟಿಗೆ ಬಲಿಯಾದರು. 1977ರಲ್ಲಿ ಹೈ ರೆಕಾರ್ಡ್ಸ್ ಸಂಸ್ಥೆ ಬೇರೆಯವರಿಗೆ ಮಾರಾಟವಾಯಿತು. ಗ್ರೀನ್ ಅವರು ಬೈಬಲ್ ಹಿಡಿಯದೇ ಇದ್ದಿದ್ದರೂ 1972ರ ನಾದ ಮರಳಿ ಬರುತ್ತಿರಲಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಸಾಧನಕೇರಿಯ ಕಾಕಾ ಅವರ ವಾದವನ್ನು ಪರೀಕ್ಷೆಗೆ ಒಡ್ಡುವ ಒಂದು ಮುದ್ರಿಕೆಯಿದೆ. 1985ರ 'ಹೀ ಈಸ್ ದಿ ಲೈಟ್' ಗಾಸ್ಪೆಲ್ ಮುದ್ರಿಕೆಯಾಗಿದ್ದೂ ಅದರ ನಿರ್ಮಾಪಕರು ಮಿಚೆಲ್. ಭಕ್ತಿಯಿಂದ ಗಾಯನ ಕೆಟ್ಟಿದ್ದರೆ ಇದೂ ಕೆಡಬೇಕಿತ್ತು. ಮಿಚೆಲ್ ಅವರ ಗೈರುಹಾಜರಿಯಿಂದ ಕೆಟ್ಟಿದ್ದರೆ ಇಲ್ಲಿ ಸುಧಾರಿಸಬೇಕು. ನನಗೆ ಸುಧಾರಿಸಿದಂತೆಯೇ ಕೇಳಿಸುತ್ತದೆ, ಆದರೆ ನಾನು ಹೇಳಿದ್ದನ್ನು ನಂಬದೆ ಕೇಳಿ ನೋಡಿ. 2003ರಲ್ಲಿ ಇಬ್ಬರೂ ಮತ್ತೆ ಕೂಡಿ ಬ್ಲೂ ನೋಟ್ ಸಂಸ್ಥೆಗಾಗಿ ಪ್ರೇಮಗೀತೆಗಳ ಮುದ್ರಿಕೆ ತಂದರು. ಅದನ್ನು ಹೊಗಳಿದವರು ಬಹಳ. ನನಗೆ ಮಾತ್ರ ಹಳೆಯ ಫೋಟೋಕ್ಕೆ ಹೊಸ ಚೌಕಟ್ಟು ಹಾಕಿದಂತೆ ಕಾಣುತ್ತದೆ. 2008ರ 'ಲೇ ಇಟ್ ಡೌನ್' ಹಾಗಲ್ಲ. ದಿ ರೂಟ್ಸ್ ತಂಡದ ಡ್ರಮ್ಸ್ ವಾದಕ ಕ್ವೆಸ್ಟ್‌ಲವ್ ಮತ್ತು ಜೇಮ್ಸ್ ಪಾಯ್ಸರ್ ಅವರ ಜೊತೆ ಮಾಡಿದ ಆ ಕೆಲಸದಲ್ಲಿ ಅರವತ್ತು ದಾಟಿದ ಕಂಠದ ಒರಟನ್ನು ಯಾರೂ ಉಜ್ಜಿ ನುಣುಪು ಮಾಡಿಲ್ಲ.


ಹಾವೇರಿಯ ವಿದ್ಯಾರ್ಥಿ

ಹಿರಿಯರ ನಡುವೆ ಒಂದು ಸಂದೇಹ. ಗಂಗೂಬಾಯಿ ಹಾನಗಲ್ ಅವರ ಹೆಸರಿನಲ್ಲಿರುವ ಊರು ನಮ್ಮ ಜಿಲ್ಲೆಯದಾದ್ದರಿಂದ ಅವರ ಹಳೆಯ ತಟ್ಟೆಗಳನ್ನು ಹುಡುಕಿ ಕೇಳುತ್ತಿರುತ್ತೇನೆ. ಮೊದಲಿನ ತಟ್ಟೆಗಳಲ್ಲಿ ದನಿ ತೆಳ್ಳಗೆ, ಎತ್ತರದಲ್ಲಿದೆ; ಗಂಟಲಿನ ಚಿಕಿತ್ಸೆಯ ನಂತರ ಅದು ಗಂಡುದನಿಯಷ್ಟು ಗಂಭೀರವಾಯಿತು, ಮತ್ತು ಅವರು ದೊಡ್ಡವರಾದದ್ದು ಆ ಎರಡನೆಯ ದನಿಯಿಂದ. ದನಿ ಬದಲಾದ ಗಾಯಕಿಯನ್ನು ನಾವು ತಲೆಯ ಮೇಲೆ ಹೊತ್ತುಕೊಂಡೆವು. ದನಿ ಬದಲಾಗದೆ ಹಾಡಿನ ಉದ್ದೇಶವಷ್ಟೇ ಬದಲಾದ ಗಾಯಕನನ್ನು ಒಪ್ಪಿಕೊಳ್ಳಲು ಏಕೆ ಇಷ್ಟು ಕಷ್ಟಪಡುತ್ತಿದ್ದೇವೆ?


ಸಾಧನಕೇರಿ ನಿವಾಸಿ, ಧಾರವಾಡ

ತಮ್ಮಾ, ಒಳ್ಳೆಯ ಪ್ರಶ್ನೆ ಕೇಳಿದಿ. ಗಂಗೂಬಾಯಿಯವರ ದನಿ ಬದಲಾಯಿತು, ಆದರೆ ಅವರು ನಮ್ಮನ್ನು ಕೂಡಿಸಿದ ಜಾಗ ಬದಲಾಗಲಿಲ್ಲ. ಅದೇ ಬೈಠಕ್, ಅದೇ ರಾಗ, ಅದೇ ವಿಲಂಬಿತ. ಗ್ರೀನ್ ಅವರು ಎದ್ದು ಬೇರೊಂದು ಮನೆಗೆ ಹೋದರು. ಅವರ ಹಿಂದೆ ಹೋಗುವುದೋ ಇಲ್ಲೇ ಕೂಡುವುದೋ ಎಂದು ಕೇಳುವವನೇ ನಿರ್ಧರಿಸಬೇಕಾಯಿತು.

1985ರ ಮುದ್ರಿಕೆಯನ್ನು ನಿನ್ನೆ ರಾತ್ರಿ ಇಡಿಯಾಗಿ ಕೇಳಿದೆ. ನವನಗರದವರು ಹೇಳಿದ್ದು ಸರಿ. ಯಾರೋ ಒಬ್ಬರು ಅವರನ್ನು ಮತ್ತೆ ತಡೆದಿದ್ದಾರೆಂದು ಎರಡನೆಯ ಹಾಡಿಗೇ ಗೊತ್ತಾಗುತ್ತದೆ. ದೇವರ ಹಾಡುಗಳಲ್ಲಿ ಎಳೆದಾಟ ಉಳಿಯುವುದಿಲ್ಲ ಎಂದು ಮೇಲೆ ಬರೆದ ನನ್ನ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಸಾಕು ಎನ್ನುವವರು ಗಾಯಕನಿಗೆ ಬೇಕು ಎಂಬ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ.


ವಿದ್ಯಾನಗರದ ಕೇಳುಗ, ಹುಬ್ಬಳ್ಳಿ

ಎಲ್ಲರಿಗೂ ಮನಃಪೂರ್ವಕ ವಂದನೆಗಳು. ಮುಂದಿನ ತಿಂಗಳವರೆಗೆ ತಡೆಯಲಾಗದೆ ಈ ರವಿವಾರವೇ ಮಂಡಳಿಯವರನ್ನು ಕರೆದೆ. ಮಳೆಯಿದ್ದರೂ ಏಳು ಜನ ಬಂದರು. 1977ರದನ್ನೂ 1985ರದನ್ನೂ ಕೇಳಿದ ಮೇಲೆ, ಬೆಟಗೇರಿಯ ಅಕ್ಕಾವರು ಹೇಳಿದ ಸಾಕ್ಷ್ಯಚಿತ್ರದ ಆರಾಧನೆಯ ಭಾಗವನ್ನು ಟೀವಿಯಲ್ಲಿ ಹಾಕಿದೆವು.

ಸ್ಟುಡಿಯೋದ ಗಾಸ್ಪೆಲ್ ಹಾಡುಗಳು ನನ್ನನ್ನು ಈಗಲೂ ದಣಿಸುತ್ತವೆ. ಆ ಮಟ್ಟಿಗೆ ನಾನು ಬದಲಾಗಿಲ್ಲ. ಆದರೆ ಚರ್ಚಿನ ಭಾಗ ಬಂದಾಗ ನಾನು ಹಾಡನ್ನು ಕೇಳುತ್ತಿದ್ದೇನೆ ಎಂಬುದನ್ನೇ ಮರೆತೆ, ಮುಗಿದಾಗ ಬಹಳ ಬೇಗ ಮುಗಿಯಿತೆನ್ನಿಸಿತು. ಪ್ರಚಾರಕ ಎಂದಿದ್ದ ಹಿರಿಯರು ಏನೂ ಹೇಳಲಿಲ್ಲ, ಆ ಭಾಗವನ್ನು ಇನ್ನೊಮ್ಮೆ ಹಾಕಲು ಮಾತ್ರ ಹೇಳಿದರು. ಎರಡನೆಯ ಸಲ ಅವರ ಕೈ ತೊಡೆಯ ಮೇಲೆ ತಾಳ ಹಾಕತೊಡಗಿತು, ರೂಢಿಯಂತೆ ಮೊದಲನೆಯ ಮಾತ್ರೆಗೆ. ಪಕ್ಕದಲ್ಲಿದ್ದ ನಮ್ಮ ತಬಲಜಿ ಅವರ ಮುಂಗೈ ಹಿಡಿದು, ಎರಡಕ್ಕೆ ಮತ್ತು ನಾಲ್ಕಕ್ಕೆ ಬೀಳುವಂತೆ ಮಾಡಿ ಬಿಟ್ಟರು.

ಮುಂದಿನ ಸಲ 2003 ಮತ್ತು 2008ರವನ್ನು ಒಂದರ ಹಿಂದೊಂದು ಕೇಳಬೇಕೆಂದಿದೆ. ನವನಗರದ ಸರ್, ತಾವು ತಮ್ಮ ಸ್ಪೀಕರುಗಳೊಡನೆ ಬರುವುದಾದರೆ ದಿನವನ್ನು ತಮ್ಮ ಅನುಕೂಲಕ್ಕೇ ಗೊತ್ತು ಮಾಡುತ್ತೇನೆ. ಬೆಟಗೇರಿಯಿಂದ ಅಕ್ಕಾವರೂ ಬರುವುದಾದರೆ ಸಂಜೆಯ ಬದಲು ಮುಂಜಾನೆ ಹನ್ನೊಂದಕ್ಕೆ ಇಟ್ಟುಕೊಳ್ಳೋಣವೇ, ಅಥವಾ ಅಂದು ಆರಾಧನೆ ಮುಗಿಯುವುದು ತಡವಾಗುತ್ತದೆಯೇ?